ವೈರಸ್ ಬಡವರದು, ಲಸಿಕೆ ಶ್ರೀಮಂತರದು

2006ರ ಮೇ ತಿಂಗಳಲ್ಲಿ ಇಂಡೋನೇಷ್ಯಾದ ಉತ್ತರ ಸುಮಾತ್ರ ಪ್ರಾಂತದ ಕಾರೋ ಎಂಬಲ್ಲಿ ಒಂದೇ ಬಂಧುವರ್ಗದ ಎಂಟು ಮಂದಿ ಹಕ್ಕಿಜ್ವರಕ್ಕೆ ತುತ್ತಾದರು. ಅವರಲ್ಲಿ ಏಳು ಮಂದಿ ಸತ್ತರು. ಕೋಳಿಯಿಂದ ಮನುಷ್ಯನಿಗೆ ದಾಟುತ್ತಿದ್ದ ವೈರಸ್ ಈಗ ಮನುಷ್ಯನಿಂದ ಮನುಷ್ಯನಿಗೆ ದಾಟಲು ಕಲಿತಿದೆಯೇ ಎಂಬ ಭೀತಿ ಜಗತ್ತನ್ನು ಆವರಿಸಿತು. ರೋಗಿಗಳ ದೇಹದಿಂದ ಪಡೆದ ಮಾದರಿಗಳು ಹಾಂಕಾಂಗ್ ಮತ್ತು ಅಮೇರಿಕದ ಅಟ್ಲಾಂಟಾದ ಪ್ರಯೋಗಾಲಯಗಳಿಗೆ ಹೋದವು. ಅಲ್ಲಿ ವೈರಸ್‌ನ ವಂಶವಾಹಿ ವಿನ್ಯಾಸವನ್ನು ಬಿಡಿಸಿ ನೋಡಲಾಯಿತು. ಆದರೆ ಹಾಗೆ ಬಿಡಿಸಿದ ಮಾಹಿತಿ ಯಾರ ಕೈಗೆ ಸೇರಿತು? ಆಗ ಹಕ್ಕಿಜ್ವರದ ವೈರಸ್‌ನ ಇಂಥ ಮಾಹಿತಿಯನ್ನು ಅಮೇರಿಕದ ಲಾಸ್ ಅಲಾಮೋಸ್‌ನ ಒಂದು ಭಂಡಾರದಲ್ಲಿ ಇಡಲಾಗುತ್ತಿತ್ತು. ಮೊದಲ ಅಣುಬಾಂಬು ರೂಪುಗೊಂಡ ಅದೇ ಲಾಸ್ ಅಲಾಮೋಸ್! ಸುಮಾರು ಹದಿನೈದು ಪ್ರಯೋಗಾಲಯಗಳನ್ನು ಬಿಟ್ಟರೆ ಉಳಿದವರಿಗೆ ಅದರ ಬಾಗಿಲು ತೆರೆಯುತ್ತಿರಲಿಲ್ಲ. ಸತ್ತವರು ಸುಮಾತ್ರದವರು. ಅವರನ್ನು ಕೊಂದ ವೈರಸ್‌ನ ಗುಟ್ಟು ಅಮೇರಿಕದ ಕಪಾಟಿನಲ್ಲಿ.

ಆಗ ಇಂಡೋನೇಷ್ಯಾದ ಆರೋಗ್ಯ ಸಚಿವೆಯಾಗಿದ್ದವರು ಹೃದ್ರೋಗ ತಜ್ಞೆ ಸಿತಿ ಫಾದಿಲಾ ಸುಪಾರಿ. 2006ರ ಆಗಸ್ಟ್‌ನಲ್ಲಿ ಅವರು ತಮ್ಮ ದೇಶದ ವೈರಸ್‌ಗಳ ಮಾಹಿತಿಯನ್ನು ಎಲ್ಲರೂ ನೋಡಬಹುದಾದ ಸಾರ್ವಜನಿಕ ಭಂಡಾರಕ್ಕೆ ಸೇರಿಸಲು ಅನುಮತಿ ನೀಡಿದರು. ಇದನ್ನು ಓದುಗರು ವಿಶೇಷವಾಗಿ ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಕೆಲವೇ ತಿಂಗಳ ಬಳಿಕ ಇದೇ ಮಹಿಳೆಯನ್ನು 'ವಿಜ್ಞಾನದ ದಾರಿಗೆ ಅಡ್ಡ ನಿಂತವರು', 'ಜಗತ್ತಿನ ಆರೋಗ್ಯವನ್ನು ಒತ್ತೆಯಿಟ್ಟವರು' ಎಂಬ ರೀತಿಯಲ್ಲಿ ಚಿತ್ರಿಸಲಾಯಿತು.

ನಡೆದುದೇನು? 2006ರ ಕೊನೆಯ ವೇಳೆಗೆ ಆಸ್ಟ್ರೇಲಿಯದ ಸಿಎಸ್‌ಎಲ್ ಕಂಪೆನಿಯು ಇಂಡೋನೇಷ್ಯಾದ ವೈರಸ್ ತಳಿಯನ್ನು ಆಧರಿಸಿ ಲಸಿಕೆ ಸಿದ್ಧಪಡಿಸುತ್ತಿರುವ ಸಂಗತಿ ಜಕಾರ್ತಾಕ್ಕೆ ತಿಳಿಯಿತು. ವೈರಸ್ ಕೊಟ್ಟ ದೇಶವನ್ನು ಯಾರೂ ಕೇಳಿರಲಿಲ್ಲ. ಮಾದರಿ ಕೊಟ್ಟ ದೇಶದ ಒಪ್ಪಿಗೆಯಿಲ್ಲದೆ ಅದನ್ನು ತನ್ನ ಜಾಲದ ಹೊರಗಿನವರಿಗೆ ಕೊಡಬಾರದು ಎಂಬ ಮಾರ್ಗಸೂಚಿ ವಿಶ್ವ ಆರೋಗ್ಯ ಸಂಸ್ಥೆಯದೇ 2005ರ ದಾಖಲೆಯಲ್ಲಿ ಇತ್ತು. ಅದು ಕಾಗದದ ಮೇಲಷ್ಟೇ ಉಳಿದಿತ್ತು. ಲಸಿಕೆ ತಯಾರಾದರೂ ಇಂಡೋನೇಷ್ಯಾಕ್ಕೆ ಅದು ಸಿಗುವ ಭರವಸೆ ಇರಲಿಲ್ಲ, ಸಿಕ್ಕರೂ ಮಾರುಕಟ್ಟೆಯ ಬೆಲೆ ತೆರಬೇಕಿತ್ತು. ಹಕ್ಕಿಜ್ವರದ ಭಯದಿಂದ ಶ್ರೀಮಂತ ರಾಷ್ಟ್ರಗಳು ಟಾಮಿಫ್ಲೂ ಗುಳಿಗೆಗಳನ್ನು ಉಗ್ರಾಣಗಳಲ್ಲಿ ತುಂಬಿಕೊಳ್ಳುತ್ತಿದ್ದ ದಿನಗಳವು. ಜನ ಸಾಯುತ್ತಿದ್ದ ದೇಶವು ಔಷಧಿಗಾಗಿ ಸಾಲಿನ ಕೊನೆಯಲ್ಲಿ ನಿಲ್ಲಬೇಕಿತ್ತು. ಇಂಡೋನೇಷ್ಯಾ ಮಾದರಿ ಕಳುಹಿಸುವುದನ್ನು ನಿಲ್ಲಿಸಿತು.

ಈ ವ್ಯವಸ್ಥೆ ಹೇಗೆ ನಡೆಯುತ್ತದೆಂದು ತಿಳಿಯದೆ ಆ ನಿರ್ಧಾರದ ತೂಕ ಅರ್ಥವಾಗದು. ಫ್ಲೂ ವೈರಸ್ ಸದಾ ರೂಪ ಬದಲಿಸುತ್ತದೆ. ಹಾಗಾಗಿ ಹಳೆಯ ಲಸಿಕೆ ಹೊಸ ತಳಿಗೆ ನಾಟುವುದಿಲ್ಲ. ಇದಕ್ಕೆಂದು 1952ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಒಂದು ಜಾಲ ಕಟ್ಟಿತು. ಪ್ರತಿ ದೇಶದ ರಾಷ್ಟ್ರೀಯ ಕೇಂದ್ರವು ಮಾದರಿ ಸಂಗ್ರಹಿಸಿ ಕಳುಹಿಸಬೇಕು. ನಮ್ಮಲ್ಲಿ ಪುಣೆಯ ವೈರಾಣು ಸಂಸ್ಥೆಗೆ ಈ ಹೊಣೆಯಿದೆ. ಆ ಮಾದರಿಗಳನ್ನು ಪರೀಕ್ಷಿಸಿ, ಲಸಿಕೆಗೆ ಬೇಕಾದ 'ಬೀಜ ವೈರಸ್' ಆರಿಸುವ ಮೇಲ್ಮಟ್ಟದ ಕೇಂದ್ರಗಳು ಆಗ ಅಟ್ಲಾಂಟಾ, ಲಂಡನ್, ಮೆಲ್ಬರ್ನ್, ಟೋಕಿಯೋಗಳಲ್ಲಿ ಇದ್ದವು. ಬೀಜ ವೈರಸ್ ಅಲ್ಲಿಂದ ಕಂಪೆನಿಗಳಿಗೆ ಹೋಗುತ್ತದೆ. ಕಂಪೆನಿಗಳು ಅದನ್ನು ಕೋಳಿಮೊಟ್ಟೆಗಳಲ್ಲಿ ಬೆಳೆಸಿ ಲಸಿಕೆ ಮಾಡಿ ಮಾರುತ್ತವೆ. ಈ ಸರಪಳಿಯಲ್ಲಿ ಮೊದಲ ಕೊಂಡಿಯವನು ಬಿಟ್ಟಿಯಾಗಿ ಕೊಡುತ್ತಾನೆ, ಕೊನೆಯ ಕೊಂಡಿಯವನು ದುಡ್ಡಿಗೆ ಮಾರುತ್ತಾನೆ. ಕೊಡುವಾಗ ಬಡದೇಶಕ್ಕೆ 'ಮಾನವಕುಲದ ಹಿತ'ದ ಉಪದೇಶ ಸಿಗುತ್ತದೆ. ಅದೇ ದೇಶ ಕೊಳ್ಳಲು ಹೋದಾಗ ಪೇಟೆಂಟು, ಮಾರುಕಟ್ಟೆ, ಮುಂಗಡ ಬುಕ್ಕಿಂಗ್ ಎಂಬ ಮಾತುಗಳು ಕೇಳಿಬರುತ್ತವೆ! ಇದನ್ನು ಅಂತಾರಾಷ್ಟ್ರೀಯ ವೈಜ್ಞಾನಿಕ ಸಹಕಾರ ಎಂದು ಕರೆಯಲಾಗುತ್ತದೆ. ಗದ್ದೆಯಿಂದ ಭತ್ತವನ್ನು ಪುಕ್ಕಟೆ ಒಯ್ದು, ಅದೇ ರೈತನಿಗೆ ಅಕ್ಕಿಯನ್ನು ದುಬಾರಿಗೆ ಮಾರುವ ವ್ಯಾಪಾರಿಯನ್ನು ನಮ್ಮ ಹಳ್ಳಿಯವರು ಸಹಕಾರಿ ಎಂದು ಕರೆಯುವುದಿಲ್ಲ.

ಇಂಡೋನೇಷ್ಯಾದ ನಡೆಗೆ ಪಾಶ್ಚಾತ್ಯ ಜಗತ್ತು ಸಿಟ್ಟಾಯಿತು. 2008ರ ಆಗಸ್ಟ್‌ನಲ್ಲಿ ಅಮೇರಿಕದ ಹಿರಿಯ ರಾಜತಾಂತ್ರಿಕ ರಿಚರ್ಡ್ ಹಾಲ್‌ಬ್ರೂಕ್ ಮತ್ತು ಲೇಖಕಿ ಲೌರಿ ಗ್ಯಾರೆಟ್ 'ವಾಷಿಂಗ್ಟನ್ ಪೋಸ್ಟ್'ನಲ್ಲಿ ಬರೆದ ಲೇಖನವು, ವೈರಸ್‌ನ ಮೇಲೆ ಸಾರ್ವಭೌಮತ್ವ ಸಾಧಿಸುವ ಈ ವಾದವು ಜಗತ್ತಿನ ಆರೋಗ್ಯಕ್ಕೇ ಅಪಾಯಕಾರಿ ಎಂದಿತು. ಈ ಟೀಕೆಯನ್ನು ಪೂರ್ತಿ ತಳ್ಳಿಹಾಕಲಾಗದು. ಸೋಂಕು ಹರಡುತ್ತಿರುವಾಗ ಮಾದರಿ ತಡೆದರೆ ಮೊದಲು ಸಾಯುವವರು ಆ ದೇಶದ ಕೋಳಿ ಸಾಕುವ ಬಡವರೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಇಂಡೋನೇಷ್ಯಾದಲ್ಲಿ 2005ರಿಂದೀಚೆಗೆ ದೃಢಪಟ್ಟ 200 ಹಕ್ಕಿಜ್ವರ ಪ್ರಕರಣಗಳಲ್ಲಿ 168 ಮಂದಿ ಸತ್ತರು. ಅಂಥ ವೈರಸ್ಸನ್ನು ಚೌಕಾಸಿಯ ಅಸ್ತ್ರವಾಗಿಸುವುದು ಬೆಂಕಿಯೊಂದಿಗಿನ ಸರಸ. ಆದರೆ ಪ್ರಶ್ನೆ ಬೇರೆಯೇ ಇದೆ. ಆ ಅಸ್ತ್ರವನ್ನು ಎತ್ತುವ ತನಕ ಜಿನೀವಾದಲ್ಲಿ ಬಡದೇಶಗಳ ಅಳಲನ್ನು ಯಾರು ಆಲಿಸಿದ್ದರು? ಐವತ್ತು ವರ್ಷಗಳಿಗೂ ಮಿಕ್ಕಿ ನಡೆದ ಏರ್ಪಾಡಿನಲ್ಲಿ ಲಾಭದ ಪಾಲಿನ ಮಾತು ಗಂಭೀರ ಚರ್ಚೆಗೆ ಬಂದದ್ದು ಮಾದರಿ ನಿಂತ ಮೇಲೆ ಮಾತ್ರ. 2007ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಮ್ಮೇಳನವು ಹೊಸ ನಿಯಮ ರೂಪಿಸುವ ನಿರ್ಣಯ ಕೈಗೊಂಡಿತು. ನಾಲ್ಕು ವರ್ಷಗಳ ಜಗ್ಗಾಟದ ಬಳಿಕ, 2011ರ ಮೇ ತಿಂಗಳಲ್ಲಿ 'ಸಾಂಕ್ರಾಮಿಕ ಫ್ಲೂ ಸಿದ್ಧತಾ ಚೌಕಟ್ಟು' ಅಂಗೀಕಾರವಾಯಿತು.

ಆ ಚೌಕಟ್ಟಿನಲ್ಲಿರುವ ಮುಖ್ಯ ಅಂಶವಿಷ್ಟು: ಜಾಲದಿಂದ ವೈರಸ್ ಪಡೆಯುವ ಕಂಪೆನಿ ಒಪ್ಪಂದ ಪತ್ರಕ್ಕೆ ಸಹಿ ಹಾಕಬೇಕು. ಸಾಂಕ್ರಾಮಿಕ ಬಂದಾಗ ತನ್ನ ಲಸಿಕೆಯ ಒಂದು ಪಾಲನ್ನು ದಾನವಾಗಿ ಇಲ್ಲವೇ ಕೈಗೆಟಕುವ ಬೆಲೆಗೆ ವಿಶ್ವ ಆರೋಗ್ಯ ಸಂಸ್ಥೆಗೆ ಕೊಡುವುದಾಗಿ ಅಥವಾ ತಂತ್ರಜ್ಞಾನದ ಪರವಾನಗಿ ನೀಡುವುದಾಗಿ ಮೊದಲೇ ವಾಗ್ದಾನ ಮಾಡಬೇಕು. ಅಲ್ಲದೆ ಜಾಲದ ನಿರ್ವಹಣಾ ವೆಚ್ಚದ ಅರ್ಧದಷ್ಟು, ಅಂದರೆ ವರ್ಷಕ್ಕೆ ಸುಮಾರು 2.8 ಕೋಟಿ ಡಾಲರನ್ನು ಉದ್ಯಮವು ಭರಿಸಬೇಕು. ಲಸಿಕಾ ಉದ್ಯಮದ ವಹಿವಾಟಿನ ಮುಂದೆ ಇದು ಚಿಲ್ಲರೆ ಹಣ. ಆದರೂ ವೈರಸ್ ಮಾದರಿಗೆ ಪ್ರತಿಯಾಗಿ ಏನನ್ನಾದರೂ ಕೊಡಬೇಕೆಂಬ ತತ್ವವನ್ನು ಔಷಧಿ ಉದ್ಯಮವು ಮೊದಲ ಬಾರಿಗೆ ಲಿಖಿತವಾಗಿ ಒಪ್ಪಿತು. ಇದು ಯಾರ ಔದಾರ್ಯದಿಂದಲೂ ಬಂದದ್ದಲ್ಲ.

ಸಿತಿ ಫಾದಿಲಾರನ್ನು ವೀರನಾಯಕಿಯನ್ನಾಗಿ ಮಾಡುವುದು ಈ ಲೇಖನದ ಉದ್ದೇಶವಲ್ಲ. 2017ರಲ್ಲಿ ಜಕಾರ್ತಾದ ಭ್ರಷ್ಟಾಚಾರ ವಿರೋಧಿ ನ್ಯಾಯಾಲಯವು ವೈದ್ಯಕೀಯ ಉಪಕರಣಗಳ ಖರೀದಿಯ ಹಗರಣದಲ್ಲಿ ಅವರಿಗೆ ನಾಲ್ಕು ವರ್ಷಗಳ ಶಿಕ್ಷೆ ವಿಧಿಸಿತು. ಬಡವರ ಆರೋಗ್ಯದ ಬಗ್ಗೆ ಜಿನೀವಾದಲ್ಲಿ ಮಾತಾಡಿದವರ ಮೇಲೆ ಸ್ವದೇಶದ ಆರೋಗ್ಯ ಖಾತೆಯ ದುಡ್ಡಿನ ಕಳಂಕ! ಇನ್ನೊಂದು ದೋಷವೂ ಇತ್ತು. ಕಳುಹಿಸಿದ ವೈರಸ್‌ಗಳಿಂದ ಅಮೇರಿಕ ಜೈವಿಕ ಅಸ್ತ್ರ ತಯಾರಿಸಬಹುದೆಂಬ ಶಂಕೆಯನ್ನು ಅವರು ಬಹಿರಂಗವಾಗಿ ಹರಡಿದರು. ಅದಕ್ಕೆ ಯಾವ ಪುರಾವೆಯೂ ಇರಲಿಲ್ಲ. ಒಪ್ಪಂದದ ಅನ್ಯಾಯ ಎಲ್ಲರ ಕಣ್ಣೆದುರಿಗೇ ಇದ್ದಾಗ ಕಾಣದ ಪಿತೂರಿಯನ್ನು ಹುಡುಕಿದ್ದರಿಂದ ಅವರ ನ್ಯಾಯವಾದ ವಾದವೇ ನಗೆಪಾಟಲಿಗೀಡಾಗುವ ಸಂದರ್ಭ ಬಂತು.

ಈ ಚಟ ನಮ್ಮ ಸಮುದಾಯಕ್ಕೂ ಹೊಸತಲ್ಲ. ಪಶ್ಚಿಮ ಉತ್ತರ ಪ್ರದೇಶದ ಮುಸ್ಲಿಮ್ ಮೊಹಲ್ಲಾಗಳಲ್ಲಿ ಪೋಲಿಯೋ ಹನಿಯನ್ನು ಸಂತಾನಹರಣದ ಸಂಚೆಂದು ನಂಬಿ ಬಾಗಿಲು ಮುಚ್ಚಿದ ಮನೆಗಳಿದ್ದವು. ಅದರ ಬೆಲೆ ತೆತ್ತವರು ಕಾಲು ಕಳೆದುಕೊಂಡ ನಮ್ಮದೇ ಮಕ್ಕಳು. ಧರ್ಮಗುರುಗಳು ಮುಂದೆ ನಿಂತು ಹನಿ ಹಾಕಿಸಿದ ಮೇಲೆ ಆ ಗೋಡೆ ಕುಸಿಯಿತು. 2011ರ ಜನವರಿಯ ಬಳಿಕ ಭಾರತದಲ್ಲಿ ಕಾಡುಪೋಲಿಯೋದ ಪ್ರಕರಣ ಕಂಡುಬಂದಿಲ್ಲ. ಹಾಗೆಂದು ಅಪನಂಬಿಕೆಯ ಹೊಣೆ ಪೂರ್ತಿ ಬಡವನ ಮೇಲಿದೆಯೇ? ಪಾಕಿಸ್ತಾನದ ಅಬೊಟ್ಟಾಬಾದ್‌ನಲ್ಲಿ ಉಸಾಮ ಬಿನ್ ಲಾದಿನ್‌ನ ಸುಳಿವು ಹಿಡಿಯಲು ಹೆಪಟೈಟಿಸ್ ಲಸಿಕೆಯ ಸೋಗು ಹಾಕಿದ್ದು ಅಮೇರಿಕದ ಸಿಐಎ. ಇನ್ನು ಮುಂದೆ ಲಸಿಕಾ ಕಾರ್ಯಕ್ರಮಗಳನ್ನು ಗೂಢಚಾರಿಕೆಗೆ ಬಳಸುವುದಿಲ್ಲವೆಂದು 2014ರಲ್ಲಿ ಅಮೇರಿಕ ಸರಕಾರವೇ ಹೇಳಬೇಕಾಯಿತು. ಅಷ್ಟರಲ್ಲಿ ಅದರ ಪರಿಣಾಮವಾಗಿ ಎಷ್ಟೋ ಲಸಿಕಾ ಕಾರ್ಯಕರ್ತೆಯರ ಜೀವಕ್ಕೆ ಕುತ್ತು ಬಂದಾಗಿತ್ತು.

ಚೌಕಟ್ಟೇನೋ ಬಂತು. ಆದರೆ ಅದು ಫ್ಲೂ ವೈರಸ್‌ಗಷ್ಟೇ ಸೀಮಿತ. ಬೇರೆ ರೋಗಾಣುಗಳ ವಿಷಯದಲ್ಲಿ ಹಳೆಯ ಆಟವೇ ಮುಂದುವರಿಯಿತು. 2012ರಲ್ಲಿ ಸೌದಿ ಅರೇಬಿಯದ ಜಿದ್ದಾದಲ್ಲಿ ಈಜಿಪ್ಟ್ ಮೂಲದ ವೈರಾಣು ತಜ್ಞ ಅಲಿ ಮುಹಮ್ಮದ್ ಝಕಿ ಒಬ್ಬ ರೋಗಿಯ ಕಫದಲ್ಲಿ ಹೊಸ ಕೊರೋನಾ ವೈರಸ್ ಕಂಡರು. ಮುಂದೆ ಮರ್ಸ್ ಎಂದು ಹೆಸರಾದ ರೋಗವದು. ಅವರು ಮಾದರಿಯನ್ನು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನ ಎರಾಸ್ಮಸ್ ವೈದ್ಯಕೀಯ ಕೇಂದ್ರಕ್ಕೆ ಕಳುಹಿಸಿದರು. ಆ ಕೇಂದ್ರವು ಪೇಟೆಂಟ್ ಅರ್ಜಿ ಸಲ್ಲಿಸಿತು, ಮಾದರಿಯನ್ನು ಇತರರಿಗೆ ಕೊಡಲು ತನ್ನದೇ ಷರತ್ತುಗಳಿರುವ ಒಪ್ಪಂದ ಪತ್ರವನ್ನು ಮುಂದಿಟ್ಟಿತು. ಸಂಶೋಧನೆಗೆ ತಾನು ಅಡ್ಡಿಯಾಗಿಲ್ಲ, ಕೇಳಿದ ಪ್ರಯೋಗಾಲಯಗಳಿಗೆ ವೈರಸ್ ಕೊಟ್ಟಿದ್ದೇನೆಂಬುದು ಅದರ ಸಮಜಾಯಿಷಿ. ತನ್ನ ಅನುಮತಿಯಿಲ್ಲದೆ ಮಾದರಿ ದೇಶ ಬಿಟ್ಟಿತೆಂದು ಸೌದಿ ಆರೋಗ್ಯ ಇಲಾಖೆ ಗುಡುಗಿತು. ಝಕಿ ಕೆಲಸ ಕಳೆದುಕೊಂಡು ಈಜಿಪ್ಟಿಗೆ ಮರಳಿದರು. ಕಾಯಿಲೆಯನ್ನು ಗುರುತಿಸಿದ ವೈದ್ಯನಿಗೆ ಶಿಕ್ಷೆ, ಮಾದರಿ ಪಡೆದವನಿಗೆ ಪೇಟೆಂಟ್ ಅರ್ಜಿ! ಇಲ್ಲಿ ತಪ್ಪು ಒಂದೇ ಕಡೆ ಇರಲಿಲ್ಲ. ತೈಲದ ಸಂಪತ್ತಿರುವ ರಾಷ್ಟ್ರವೊಂದು ಇಂಥ ಪರೀಕ್ಷೆಗಳಿಗೆ ಬೇಕಾದ ಪ್ರಯೋಗಾಲಯಗಳನ್ನು ಅಷ್ಟರೊಳಗೆ ಏಕೆ ಕಟ್ಟಿಕೊಂಡಿರಲಿಲ್ಲ ಎಂಬುದನ್ನು ಮುಸ್ಲಿಮ್ ಜಗತ್ತು ತನ್ನನ್ನೇ ಕೇಳಿಕೊಳ್ಳಬೇಕಿದೆ. ಗೋಪುರಗಳಿಗೆ ಸುರಿದ ಹಣದ ಒಂದು ಪಾಲು ಅದಕ್ಕೆ ಸಾಕಾಗುತ್ತಿತ್ತು.

ಆ ಬಳಿಕ ಬಂದದ್ದು ಕೋವಿಡ್. 2020ರ ಜನವರಿ 11ರಂದು ಶಾಂಘೈನ ವಿಜ್ಞಾನಿ ಝಾಂಗ್ ಯೋಂಗ್‌ಝೆನ್‌ರ ತಂಡದ ಶ್ರಮದಿಂದ ವೈರಸ್‌ನ ವಿನ್ಯಾಸ ಜಗತ್ತಿಗೆ ಬಹಿರಂಗವಾಯಿತು. ಮರುದಿನವೇ ಅವರ ಪ್ರಯೋಗಾಲಯವನ್ನು 'ಸರಿಪಡಿಸುವಿಕೆ'ಯ ಹೆಸರಲ್ಲಿ ಮುಚ್ಚಿಸಿದ್ದು ಅವರದೇ ಸರಕಾರ. ಅಮೇರಿಕದ ಮೊಡೆರ್ನಾ ಕಂಪೆನಿಯು ಜನವರಿ 13ರ ಹೊತ್ತಿಗೆ ಆ ಮಾಹಿತಿಯ ಆಧಾರದಲ್ಲಿ ತನ್ನ ಲಸಿಕೆಯ ರೂಪವನ್ನು ನಿಗದಿಪಡಿಸಿತ್ತು. ಕೇವಲ ಎರಡೇ ದಿನ! ಇದು ಸಹಕಾರದ ನಿಜವಾದ ಶಕ್ತಿ. ಆದರೆ ಚೀನಾದ ಮಾಹಿತಿ ಎಲ್ಲರಿಗೂ ಪುಕ್ಕಟೆ ಸಿಕ್ಕಂತೆ ಮೊಡೆರ್ನಾದ ಲಸಿಕೆ ಎಲ್ಲರಿಗೂ ಸಿಗಲಿಲ್ಲ. ಅಮೇರಿಕದ ತೆರಿಗೆದಾರರ ಶತಕೋಟಿಗಟ್ಟಲೆ ಡಾಲರು ಅದರ ಬೆನ್ನಿಗಿತ್ತಾದರೂ ತಂತ್ರಜ್ಞಾನ ಕಂಪೆನಿಯ ಖಾಸಗಿ ಸೊತ್ತಾಗಿಯೇ ಉಳಿಯಿತು.

2020ರ ಅಕ್ಟೋಬರ್ 2ರಂದು ಭಾರತ ಮತ್ತು ದಕ್ಷಿಣ ಆಫ್ರಿಕ ಜೊತೆಗೂಡಿ ವಿಶ್ವ ವ್ಯಾಪಾರ ಸಂಘಟನೆಯ ಮುಂದೆ ಬೇಡಿಕೆಯಿಟ್ಟವು: ಕೋವಿಡ್ ಇರುವವರೆಗೆ ಲಸಿಕೆ, ಔಷಧಿ, ಪರೀಕ್ಷಾ ಸಲಕರಣೆಗಳ ಮೇಲಿನ ಬೌದ್ಧಿಕ ಸ್ವಾಮ್ಯದ ನಿರ್ಬಂಧಗಳನ್ನು ತಡೆಹಿಡಿಯಿರಿ. ತೀರ್ಮಾನ ಬಂದದ್ದು 2022ರ ಜೂನ್ 17ಕ್ಕೆ, ಅಂದರೆ ಸುಮಾರು ಇಪ್ಪತ್ತು ತಿಂಗಳ ಬಳಿಕ. ಅದೂ ಲಸಿಕೆಯ ಪೇಟೆಂಟಿಗೆ ಮಾತ್ರ. ಔಷಧಿಯೂ ಇಲ್ಲ, ಪರೀಕ್ಷಾ ಸಲಕರಣೆಯೂ ಇಲ್ಲ. ಊರು ಸುಟ್ಟ ಮೇಲೆ ಬಾವಿ ತೋಡುವ ಅಪ್ಪಣೆ!

ಪೇಟೆಂಟ್ ಸಡಿಲಿಸಿದರೂ ಸಾಲದು ಎಂಬುದನ್ನು ಕೋವಿಡ್ ಕಲಿಸಿತು. ಮೊಡೆರ್ನಾ ತಾನು ಸಾಂಕ್ರಾಮಿಕದ ಅವಧಿಯಲ್ಲಿ ಪೇಟೆಂಟ್ ಚಲಾಯಿಸುವುದಿಲ್ಲವೆಂದು 2020ರಲ್ಲೇ ಘೋಷಿಸಿತ್ತು. ಆದರೆ ಪೇಟೆಂಟ್ ಪತ್ರ ಓದಿ ಲಸಿಕೆ ತಯಾರಿಸುವುದೆಂದರೆ ಅಡುಗೆ ಪುಸ್ತಕದಲ್ಲಿ ಸಾಮಗ್ರಿಗಳ ಪಟ್ಟಿ ಮಾತ್ರ ನೋಡಿ ಬಿರಿಯಾನಿ ಬೇಯಿಸಿದಂತೆ. ಎಷ್ಟು ಉರಿ, ಯಾವ ಹದ, ಯಾವಾಗ ಇಳಿಸಬೇಕು ಎಂಬುದು ಬೇಯಿಸಿದವನ ಕೈಯಲ್ಲಿರುತ್ತದೆ. ಆ ಕೈಯ ಅರಿವನ್ನು ಕಂಪೆನಿ ಕೊಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲದಿಂದ ಕೇಪ್‌ಟೌನ್‌ನ ಆಫ್ರಿಜೆನ್ ಸಂಸ್ಥೆಯ ವಿಜ್ಞಾನಿಗಳು ಸಾರ್ವಜನಿಕವಾಗಿ ಲಭ್ಯವಿದ್ದ ಮಾಹಿತಿಯನ್ನು ಹಿಡಿದು, ಕಂಪೆನಿಯ ನೆರವಿಲ್ಲದೆ, 2022ರ ಆರಂಭಕ್ಕೆ ಅದೇ ಬಗೆಯ ಲಸಿಕೆಯನ್ನು ಪ್ರಯೋಗಾಲಯದ ಮಟ್ಟದಲ್ಲಿ ತಯಾರಿಸಿ ತೋರಿಸಿದರು. ಸಾಮರ್ಥ್ಯ ಅವರಲ್ಲಿತ್ತು. ಆದರೆ ಜನರಿಗೆ ಲಸಿಕೆ ಅತ್ಯಗತ್ಯವಾಗಿದ್ದ ಕಾಲ ಆಗಲೇ ಕೈಮೀರಿ ಹೋಗಿತ್ತು.

ಬಡದೇಶಗಳಿಗೆ ತಂತ್ರಜ್ಞಾನ ಕೊಟ್ಟರೂ ಅವು ಬಳಸಲಾರವು ಎಂದು ವಾದಿಸುವವರಿಗೆ ಪುಣೆಯೇ ಉತ್ತರ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಆಸ್ಟ್ರಾಜೆನೆಕಾ ತಮ್ಮ ಲಸಿಕೆಯ ತಂತ್ರಜ್ಞಾನವನ್ನು ಸೀರಮ್ ಸಂಸ್ಥೆಗೆ ವರ್ಗಾಯಿಸಿದವು. 2021ರ ಜನವರಿಯಲ್ಲಿ ಭಾರತದ ಲಸಿಕಾ ಅಭಿಯಾನ ಆರಂಭವಾದಾಗ ಕೋವಿಶೀಲ್ಡ್ ಸಿದ್ಧವಿತ್ತು. ಆದರೆ ಇಲ್ಲಿ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. 2021ರ ಮಾರ್ಚ್ ಕೊನೆಯಲ್ಲಿ ಎರಡನೆಯ ಅಲೆ ಏಳುತ್ತಿದ್ದಂತೆ ಪುಣೆಯಿಂದ ಜಾಗತಿಕ ಲಸಿಕಾ ಹಂಚಿಕೆಯ ವ್ಯವಸ್ಥೆಯಾದ ಕೋವ್ಯಾಕ್ಸ್‌ಗೆ ಹೋಗಬೇಕಿದ್ದ ಡೋಸುಗಳು ನಿಂತವು. ಮತ್ತೆ ಹೊರಟದ್ದು ನವೆಂಬರ್‌ನಲ್ಲಿ. ನಮ್ಮ ಸ್ಮಶಾನಗಳಲ್ಲಿ ಸಾಲುಗಟ್ಟಿ ಚಿತೆಗಳು ಉರಿಯುತ್ತಿದ್ದಾಗ ಯಾವ ಸರಕಾರವೂ ಬೇರೆ ನಿರ್ಧಾರ ತಳೆಯುವುದು ಕಷ್ಟವಿತ್ತು, ನಿಜ. ಆದರೆ ಆ ಎಂಟು ತಿಂಗಳಲ್ಲಿ ಪುಣೆಯನ್ನೇ ನಂಬಿದ್ದ ಆಫ್ರಿಕದ ದೇಶಗಳು ಬರಿಗೈಯಲ್ಲಿ ಕಾದವು. ಒಂದೇ ಊರಿನ ಕಾರ್ಖಾನೆಯ ಮೇಲೆ ಅರ್ಧ ಜಗತ್ತು ಅವಲಂಬಿಸಬೇಕಾದ ಸ್ಥಿತಿಯೇ ತಪ್ಪು. ಕಾರ್ಖಾನೆ ಅಮೇರಿಕದಲ್ಲಿದ್ದರೂ ಅಷ್ಟೇ, ಮಹಾರಾಷ್ಟ್ರದಲ್ಲಿದ್ದರೂ ಅಷ್ಟೇ.

ಪ್ರಾಮಾಣಿಕತೆಗೆ ಸಿಕ್ಕ ಬಹುಮಾನದ ಇನ್ನೊಂದು ಉದಾಹರಣೆಯೂ ಇದೆ. 2021ರ ನವೆಂಬರ್‌ನಲ್ಲಿ ಬೋಟ್ಸ್‌ವಾನಾ ಮತ್ತು ದಕ್ಷಿಣ ಆಫ್ರಿಕದ ವಿಜ್ಞಾನಿಗಳು ಕೊರೋನಾದ ಹೊಸ ತಳಿಯನ್ನು ಪತ್ತೆಹಚ್ಚಿ, 24ರಂದು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದರು. ಒಮಿಕ್ರಾನ್ ಎಂದು ಅದಕ್ಕೆ ಹೆಸರಿಟ್ಟದ್ದು 26ರಂದು. ಅಷ್ಟರೊಳಗೆ ಯುರೋಪ್ ಆಫ್ರಿಕದ ವಿಮಾನಗಳಿಗೆ ಬಾಗಿಲು ಮುಚ್ಚುತ್ತಿತ್ತು. ಅಮೇರಿಕವೂ ಅದೇ ದಾರಿ ಹಿಡಿಯಿತು. ಮೊದಲು ಹೇಳಿದವನಿಗೇ ಮೊದಲ ಏಟು ಬಿದ್ದರೆ, ಮುಂದಿನ ಬಾರಿ ಯಾರು ಬಾಯಿ ಬಿಟ್ಟಾರು?

ಕನ್ನಡದ ಓದುಗರಿಗೆ ಇದೆಲ್ಲ ದೂರದ ಕಥೆಯೆನಿಸಿದರೆ ಮಲೆನಾಡಿನ ಕಡೆ ನೋಡಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಹಳ್ಳಿಗರು ಜ್ವರದಿಂದ ನರಳಿದರು. ಆಗ ಪುಣೆಯ ವೈರಾಣು ಸಂಶೋಧನಾ ಕೇಂದ್ರವು ಅಮೇರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಯೋಗದಲ್ಲಿ ನಡೆಯುತ್ತಿತ್ತು. ಏಷ್ಯಾಕ್ಕೆ ಹಳದಿ ಜ್ವರ ಬಂದಿತೇನೋ ಎಂಬ ಆತಂಕದಿಂದ ತಜ್ಞರು ಧಾವಿಸಿ ಬಂದರು. ಕಂಡದ್ದು ಉಣ್ಣೆಗಳಿಂದ ಹರಡುವ ಬೇರೊಂದು ಹೊಸ ವೈರಸ್. ನಮ್ಮ ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಗ್ರಂಥಗಳಲ್ಲಿ ಶಾಶ್ವತವಾಯಿತು. ವಿದೇಶಿ ಸಹಯೋಗದ ಇಂಥ ಸಂಶೋಧನೆಗಳ ಬಗ್ಗೆ, ಅದರಲ್ಲೂ ಅಮೇರಿಕದ ಸೇನೆಯ ಹಣ ಪಡೆದ ವಲಸೆ ಹಕ್ಕಿಗಳ ಅಧ್ಯಯನದ ಬಗ್ಗೆ, 1970ರ ದಶಕದಲ್ಲಿ ದೊಡ್ಡ ವಿವಾದವೆದ್ದು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು 1975ರಲ್ಲಿ ಕಟುವಾದ ವರದಿ ನೀಡಿತು. ನಿಯಮಗಳು ಬಿಗಿಯಾದವು. ಆದರೆ ಮಂಗನ ಕಾಯಿಲೆಯ ರೋಗಿಗೆ ಏನು ದಕ್ಕಿತು? ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯ ಶಕ್ತಿ ಕುಂದಿ 2022ರಲ್ಲಿ ಅದರ ಬಳಕೆಯೂ ನಿಂತಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಹೈದರಾಬಾದಿನ ಸಂಸ್ಥೆಯೊಂದು ಪ್ರಯತ್ನ ಕೈಗೊಂಡಿದೆ. ದರಗು ಗುಡಿಸಲು, ಅಡಿಕೆ ತೋಟದ ಕೆಲಸಕ್ಕೆ ಕಾಡಂಚಿಗೆ ಹೋಗುವ ಕೂಲಿಯವರ ಕಾಯಿಲೆಗೆ ಯಾವ ಬಹುರಾಷ್ಟ್ರೀಯ ಕಂಪೆನಿಗೂ ಮಾರುಕಟ್ಟೆ ಕಾಣಿಸಲಿಲ್ಲ. ಇಂಡೋನೇಷ್ಯಾದ ವೈರಸ್‌ಗೆ ಬೆಲೆ ಬಂದದ್ದು ಅದು ನ್ಯೂಯಾರ್ಕಿಗೂ ಹಾರಬಹುದೆಂಬ ಭಯದಿಂದ. ಉಣ್ಣೆಗೆ ವಿಮಾನ ಹತ್ತಲು ಬರುವುದಿಲ್ಲ.

2025ರ ಮೇ 20ರಂದು ಜಿನೀವಾದಲ್ಲಿ ಸಾಂಕ್ರಾಮಿಕ ಒಪ್ಪಂದ ಅಂಗೀಕಾರವಾಯಿತು. ಅದಕ್ಕೂ ಮೊದಲಿನ ಸಮಿತಿಯ ಮತದಾನದಲ್ಲಿ 124 ರಾಷ್ಟ್ರಗಳು ಪರವಾಗಿ ನಿಂತವು, ವಿರೋಧವಾಗಿ ಒಂದೂ ಇಲ್ಲ, 11 ತಟಸ್ಥ. ವಿಶ್ವ ಆರೋಗ್ಯ ಸಂಸ್ಥೆಯಿಂದಲೇ ಹೊರಹೋಗುವುದಾಗಿ ಆ ವರ್ಷದ ಜನವರಿಯಲ್ಲಿ ಘೋಷಿಸಿದ್ದ ಅಮೇರಿಕ ಈ ಕೂಟದಲ್ಲಿ ಇರಲಿಲ್ಲ. ಫ್ಲೂಗಷ್ಟೇ ಇದ್ದ ತತ್ವವನ್ನು ಇತರ ರೋಗಾಣುಗಳಿಗೂ ಹಬ್ಬಿಸುವುದು ಒಪ್ಪಂದದ ತಿರುಳು. ಅದರಲ್ಲಿ ಭಾಗಿಯಾಗುವ ಕಂಪೆನಿಗಳು ಸಾಂಕ್ರಾಮಿಕದ ವೇಳೆ ತಯಾರಿಕೆಯ ಶೇ. 20ರಷ್ಟನ್ನು ವಿಶ್ವ ಆರೋಗ್ಯ ಸಂಸ್ಥೆಗೆ ದೊರಕಿಸಬೇಕು, ಅದರಲ್ಲಿ ಕನಿಷ್ಠ ಶೇ. 10 ದಾನವಾಗಿರಬೇಕು ಎಂಬ ಗುರಿಯಿದೆ. ಉಳಿದ ಶೇ. 80 ಎಲ್ಲಿಗೆ ಹೋಗುವುದೆಂದು ಕೇಳಬೇಕಾಗಿಲ್ಲ.

ಅದಕ್ಕಿಂತ ಮುಖ್ಯವಾದುದು ಎರಡು ಸಂಗತಿ. ತಂತ್ರಜ್ಞಾನದ ವರ್ಗಾವಣೆ 'ಪರಸ್ಪರ ಒಪ್ಪಿದಂತೆ' ನಡೆಯಬೇಕೆಂದು ಒಪ್ಪಂದ ಹೇಳುತ್ತದೆ, ಅಂದರೆ ಸ್ವಇಚ್ಛೆಯಿಂದ ಎಂದು ಅಡಿಟಿಪ್ಪಣಿಯಲ್ಲಿ ಬಿಡಿಸಿಯೂ ಹೇಳಲಾಗಿದೆ. ಮೊಡೆರ್ನಾ ಮತ್ತು ಆಫ್ರಿಜೆನ್ ನಡುವೆ ಇದ್ದದ್ದೂ ಇದೇ ಸ್ವಇಚ್ಛೆ. ಎರಡನೆಯದಾಗಿ, ಮಾದರಿ ಕೊಡುವ ಮತ್ತು ಲಾಭ ಹಂಚುವ ವಿಧಾನವನ್ನು ವಿವರಿಸುವ ಅನುಬಂಧವನ್ನು ಮುಂದಕ್ಕೆ ಹಾಕಲಾಯಿತು. 2026ರ ಸಮ್ಮೇಳನದ ಮುಂದಿಡುವಂತೆ ಅದರ ರಚನೆಯನ್ನು ಬೇರೆ ಕಾರ್ಯಗುಂಪಿಗೆ ವಹಿಸಲಾಯಿತು. ಭಾರತದ ಪ್ರತಿನಿಧಿಗಳು ಇಂಥ ಮಾತುಕತೆಗಳಲ್ಲಿ ಎರಡು ಟೋಪಿ ಧರಿಸಿ ಕೂರುತ್ತಾರೆ. ಒಂದು ವೈರಸ್ ಕೊಡುವ ದೇಶದ್ದು, ಇನ್ನೊಂದು ಲಸಿಕೆ ಮಾರುವ ದೇಶದ್ದು. ಪುಣೆ, ಹೈದರಾಬಾದುಗಳ ಕಂಪೆನಿಗಳಿಗೆ ಕಡ್ಡಾಯದ ವಾಗ್ದಾನಗಳು ಹೊರೆಯೆನಿಸುವುದು ಸಹಜ. ಆದರೆ 2020ರಲ್ಲಿ ಇತರರ ಪೇಟೆಂಟ್ ಸಡಿಲಿಸಿ ಎಂದು ಕೇಳಿದ ರಾಷ್ಟ್ರವು ಸ್ವಂತ ಕಂಪೆನಿಗಳ ಸರದಿ ಬಂದಾಗ ಸ್ವಇಚ್ಛೆಯ ಭಾಷೆ ಆಡಬಾರದು. ಯಾವ ಕಂಪೆನಿಯ ಕೈಗೆ ಮಾದರಿ ಅಥವಾ ಅದರ ಡಿಜಿಟಲ್ ಮಾಹಿತಿ ಹೋದರೂ ಮೊದಲೇ ಸಹಿ ಮಾಡಿದ ಪತ್ರ ಅದರ ಜೊತೆಗಿರಬೇಕು, ಅದರಲ್ಲಿ ಡೋಸುಗಳಷ್ಟೇ ಅಲ್ಲದೆ ತಯಾರಿಕೆಯ ಅರಿವನ್ನೂ ಕೊಡುವ ಕರಾರಿರಬೇಕು ಎಂಬ ಪಟ್ಟನ್ನು ನಮ್ಮವರು ಸಡಿಲಿಸಕೂಡದು. ಅನುಬಂಧ ಅಂಗೀಕಾರವಾಗದೆ ಒಪ್ಪಂದವು ಸಹಿಗೆ ತೆರೆಯುವುದಿಲ್ಲ. ತೆರೆದ ಮೇಲೂ 60 ರಾಷ್ಟ್ರಗಳು ಅನುಮೋದಿಸಿದರಷ್ಟೇ ಅದಕ್ಕೆ ಜೀವ ಬರುವುದು.